ಮಾವಿನ ಮರಕ್ಕೆ ಕಾಲು ಬಂದದ್ದು

ಹೊಳೆನರಸೀಪುರದಲ್ಲಿ ನನ್ನ ವಿಷಯವಾಗಿ ಒಂದು ಕಥೆ ಓಡಾಡುತ್ತಿದೆ. ನನ್ನ ಬೈಗುಳಕ್ಕೆ ಹೆದರಿದ ಮಾವಿನ ಮರವೊಂದು, ಇನ್ನು ಈ ಮನೆಯಲ್ಲಿ ಇರಬಾರದೆಂದು ನಿಶ್ಚಯಿಸಿ, ತನ್ನ ಕೊಂಬೆಗೆ ಕಾಲು ಬರಿಸಿಕೊಂಡು ಓಡಿಹೋಗಲು ನೋಡಿತಂತೆ. ಇದು ಹೊಳೆನರಸೀಪುರದ ಪಾಠ. ಹಳ್ಳಿಮೈಸೂರಿನ ಪಾಠದಲ್ಲಿ ಮರ ಆಗಲೇ ಬೇಲಿ ದಾಟಿರುತ್ತದೆ. ರಾಮನಾಥಪುರ ಮುಟ್ಟುವಷ್ಟರಲ್ಲಿ ಅದು ಕಾವೇರಿಯಲ್ಲಿ ಕಾಲು ತೊಳೆದುಕೊಂಡಿರುತ್ತದೆ. ಒಮ್ಮೆ ಅರಕಲಗೂಡಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹಿರಿಯರೊಬ್ಬರು, ನಾನು ಯಾರೆಂದು ತಿಳಿಯದೆ ನನಗೇ ಈ ಕಥೆಯನ್ನು ಹೇಳಿ, "ಮರಕ್ಕೇ ಇಂಗಾದ್ರೆ, ಆ ಹುಡುಗನ್ನ ಕಟ್ಕೊಳ್ಳೋಳ ಗತಿ ಏನು ಸಾ" ಎಂದು ನಿಟ್ಟುಸಿರು ಬಿಟ್ಟರು. ನಾನೂ ಬಿಟ್ಟೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ಮರಕ್ಕೆ ಕಿವಿಯಿಲ್ಲ. ಎರಡನೆಯದಾಗಿ, ಮಾತು ಕೇಳಿ ಮರಗಳು ಓಡುವುದಾಗಿದ್ದರೆ ಈ ದೇಶದ ಯಾವ ಕೋರ್ಟಿನ ಅಂಗಳದಲ್ಲೂ ಒಂದು ಮರ ಉಳಿಯುತ್ತಿರಲಿಲ್ಲ. ಮೂರನೆಯ ಅಂಶದಲ್ಲೇ ನನಗೆ ಸ್ವಲ್ಪ ತೊಡಕು, ಏಕೆಂದರೆ ಕೊಂಬೆಗೆ ಬೇರು ಬಂದದ್ದು ನಿಜ. ಬೆಳ್ಳಗೆ, ಶಾವಿಗೆಯ ಹಾಗೆ ಬಂದಿದ್ದವು. ನಾನೇ ಮುಟ್ಟಿ ನೋಡಿದ್ದೇನೆ. ಅದಕ್ಕೆ ಕಾರಣ ಭಯವಲ್ಲ, ಸಸ್ಯಶಾಸ್ತ್ರ ಎಂದು ಸಾಧಿಸುವುದೇ ಈ ಬರಹದ ಉದ್ದೇಶ. ಸಾಧಿಸಿದ ಮೇಲೂ ನೀವು ಊರಿನವರ ಕಥೆಯನ್ನೇ ನಂಬುತ್ತೀರೆಂಬುದು ನನಗೆ ಗೊತ್ತು. ಆದರೂ ಹೇಳುತ್ತೇನೆ. ಸುಮ್ಮನಿರುವುದು ನನಗೆ ಬರುವುದಿಲ್ಲ.

ನನಗೆ ವಾದಿಸುವ ರೋಗ ಅಂಟಿದ್ದು ಮೈಸೂರಿನ ಕಾಲೇಜಿನಲ್ಲಿ. ಅಲ್ಲಿ ನಾನು ಓದಿದ್ದು ಸಸ್ಯಶಾಸ್ತ್ರ, ಕಲಿತದ್ದು ಡಿಬೇಟು. ಡಿಬೇಟಿನಲ್ಲಿ ಯಾವ ಪಕ್ಷ ಸಿಕ್ಕಿದರೂ ಸರಿಯೆ. 'ಪರ' ಎಂದರೆ ಪರ, 'ವಿರೋಧ' ಎಂದರೆ ವಿರೋಧ. ಮೇಜು ಗುದ್ದುವ ಕೈ ಮಾತ್ರ ಒಂದೇ. ಒಮ್ಮೆ ಹಾಸನದಲ್ಲಿ 'ಪಟ್ಟಣಕ್ಕಿಂತ ಹಳ್ಳಿಯೇ ಮೇಲು' ಎಂದು ಗುದ್ದಿ ಒಂದು ಕಪ್ಪು ಗೆದ್ದೆ. ಮುಂದಿನ ವಾರ ಚನ್ನರಾಯಪಟ್ಟಣದಲ್ಲಿ 'ಹಳ್ಳಿಗಿಂತ ಪಟ್ಟಣವೇ ಮೇಲು' ಎಂದು ಅದೇ ರಭಸದಲ್ಲಿ ಗುದ್ದಿ ಇನ್ನೊಂದು ಗೆದ್ದೆ. ಎರಡೂ ಊರಿಗೆ ಓಡಾಡುವ ಎಣ್ಣೆ ವ್ಯಾಪಾರಿಯೊಬ್ಬ ಎರಡೂ ಸಭೆಯಲ್ಲಿ ಕೂತಿದ್ದ. ಹೊರಗೆ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದ. "ಸಾ, ತಪ್ಪು ತಿಳೀಬ್ಯಾಡಿ. ಓದ ವಾರ ನಿಮ್ಮ ಮಾತು ಕೇಳ್ಬುಟ್ಟು, ಹಾಸನದ ಅಂಗಡಿ ಮುಚ್ಚಿ ಊರಿಗೆ ಓಗ್ಬುಡಾನ ಅಂತ ಮನೇಲಿ ಏಳ್ಬುಟ್ಟಿವ್ನಿ. ಈಗ ಮುಚ್ಲೋ ಬ್ಯಾಡ್ವೋ? ಒಂದು ಗಟ್ಟಿ ಮಾತು ಏಳಿ" ಎಂದ. ನಾನು ಬಸ್ಸಿಗೆ ಹೊತ್ತಾಯಿತೆಂದು ಹೇಳಿ ತಪ್ಪಿಸಿಕೊಂಡೆ. ಆ ಮನುಷ್ಯ ಏನು ಮಾಡಿದನೋ ನನಗೆ ಇವತ್ತಿಗೂ ತಿಳಿಯದು.

ಪದವಿ ಬಂತು, ಕೆಲಸ ಬರಲಿಲ್ಲ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದ ದಿನಗಳು. ಅರಕಲಗೂಡಿನ ನಮ್ಮ ಮನೆಯಲ್ಲಿ ಅಪ್ಪನ ಜೊತೆ ದಿನವೂ ಒಂದೊಂದು ವಿಷಯದ ಮೇಲೆ ವಾದ ಗೆಲ್ಲುತ್ತಿದ್ದುದರಿಂದ, ಅಪ್ಪ ನನ್ನನ್ನು ಹೊಳೆನರಸೀಪುರದ ತಮ್ಮ ತಂಗಿಯ ಮನೆಗೆ ಸಾಗಹಾಕಿದರು. ಅಲ್ಲಿ ಸ್ಕೂಲಿನಲ್ಲಿ ಮೇಷ್ಟರ ಕೆಲಸ ಖಾಲಿಯಾಗಬಹುದು ಎಂಬುದು ನೆಪ. ತಂಗಿ ಎಂದರೆ ನನ್ನ ಸೋದರತ್ತೆ ಬಸಮ್ಮ. ಅವಳ ಗಂಡ ಮಲ್ಲಪ್ಪ ಮಾವ ತೆಂಗಿನಕಾಯಿ ವ್ಯಾಪಾರಿ. ಕಾಯನ್ನು ಬೆರಳಲ್ಲಿ ತಟ್ಟಿ ಒಳಗಿನ ಸಮಾಚಾರ ಹೇಳುವವರು. ನಾನು ಹೋದ ದಿನ ನನ್ನನ್ನೂ ಹತ್ತು ನಿಮಿಷ ಮಾತಾಡಿಸಿ ನೋಡಿ ಅತ್ತೆಗೆ ಹೇಳಿದರು: "ಸದ್ದು ಚೆನ್ನಾಗೈತೆ." ತಿರುಳಿನ ವಿಷಯ ಎತ್ತಲಿಲ್ಲ.

ಆ ಮನೆಯ ಹಿತ್ತಿಲಲ್ಲಿ, ಬಾವಿಯ ಪಕ್ಕದಲ್ಲಿ, ಈ ಮಾವಿನ ಮರ. ಅತ್ತೆ ಮದುವೆಯಾಗಿ ಮೊದಲ ಸಲ ಗಂಡನ ಮನೆಗೆ ಬಂದಾಗ ನಮ್ಮ ತಾತ ಒಂದು ಒಡಕು ಗಡಿಗೆಯಲ್ಲಿ ಸಸಿ ಇಟ್ಟುಕೊಟ್ಟರಂತೆ. ಅರಕಲಗೂಡಿನಿಂದ ಗಾಡಿಯಲ್ಲಿ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಳಂತೆ. ಹಾಗೆ ಬಂದ ಸಸಿ ಹೆಂಚಿನ ಮೇಲಕ್ಕೆ ಬೆಳೆಯಿತು. ಬೀದಿಯ ಎಲ್ಲರ ಮನೆಯ ತೋರಣಕ್ಕೂ ಎಲೆ ಕೊಟ್ಟಿತು. ಹೂವು ಮಾತ್ರ ಒಂದು ದಿನವೂ ಬಿಡಲಿಲ್ಲ. "ನಿಮ್ಮ ಅರಕಲಗೂಡಿನ ಮರ ನೀರು ಕುಡಿಯೋದು ನೋಡು, ಬಾವಿ ಬತ್ತಬೇಕು. ಕೊಡೋದು ಎಲೆ" ಎಂದು ಮಾವ ಅನ್ನುವರು. "ಎಲೆನಾದ್ರೂ ಕೊಡ್ತದೆ. ನಿಮ್ಮ ಕಡೆ ನೆಂಟರು ಅದನ್ನೂ ಕೊಡೋದಿಲ್ಲ" ಎಂದು ಅತ್ತೆ ತಿರುಗಿ ಅನ್ನುವಳು. ಇದು ಅವರ ಮನೆಯಲ್ಲಿ ಕಾಫಿಯ ಜೊತೆಯ ತಿಂಡಿ ಇದ್ದ ಹಾಗೆ. ಯಾರಿಗೂ ಹೊಟ್ಟೆನೋವು ಬರುತ್ತಿರಲಿಲ್ಲ.

ಆ ಆಷಾಢದಲ್ಲಿ ಮಾತ್ರ ಮಾವ ಹಗ್ಗ ಹಿಡಿದು ಹಿತ್ತಿಲನ್ನು ಅಳೆದರು. ತೆಂಗಿನಕಾಯಿ ರಾಶಿ ಹಾಕಲು ಕೊಟ್ಟಿಗೆ ಬೇಕು, ಮರ ಇರುವ ಜಾಗದಲ್ಲೇ ಬೇಕು. ಅತ್ತೆ ಈ ಸಲ ತಿರುಗಿ ಏನೂ ಅನ್ನಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅವಳು ಕೇಳಿದ್ದು ಒಂದೇ: "ಒಂದ್ಸಲ ಬೆದರಿಸಿ ನೋಡೋಣ. ತವರಿಂದ ತಂದದ್ದು ಅಂತ ಈ ಮನೇಲಿ ನನಗೆ ಇನ್ನೇನೂ ಉಳಿದಿಲ್ಲ. ಬೆದರಿಸಿದ ಮೇಲೂ ಹೂ ಬಿಡದಿದ್ರೆ ಆಮೇಲೆ ನಿಮ್ಮಿಷ್ಟ." ಮಾವ ಒಪ್ಪಿದರು.

ಮರವನ್ನು ಬೆದರಿಸುವ ಪದ್ಧತಿ ನಮ್ಮ ಕಡೆ ಹಳೆಯದು. ಕಾಯಿ ಬಿಡದ ಮರದ ಮುಂದೆ ಬೆಳಗ್ಗೆ ಒಬ್ಬ ಕೊಡಲಿ ಹಿಡಿದು ಹೋಗಿ, "ಇದನ್ನ ಇಟ್ಟುಕೊಂಡು ಏನು ಮಾಡೋದು, ಕಡಿದುಬಿಡ್ತೀನಿ" ಎಂದು ಕೂಗಬೇಕು. ಇನ್ನೊಬ್ಬ ಓಡಿ ಬಂದು ಅವನ ಕೈ ಹಿಡಿದು, "ಬೇಡ, ಮುಂದಿನ ವರ್ಷ ಬಿಡ್ತದೆ, ಇದಕ್ಕೆ ನಾನು ಜವಾಬು" ಎಂದು ಬೇಡಿಕೊಳ್ಳಬೇಕು. ಮೊದಲನೆಯವನು ಗೊಣಗಿಕೊಂಡು ಕೊಡಲಿ ಇಳಿಸಬೇಕು. ಮರಕ್ಕೆ ಎಲ್ಲವೂ ಕೇಳಿಸುತ್ತದೆ, ಅದು ಹೆದರಿ ಮುಂದಿನ ವರ್ಷ ಹೂ ಬಿಡುತ್ತದೆ ಎಂಬುದು ನಂಬಿಕೆ. ಕಡಿಯುವವನ ಪಾತ್ರ ಮಾವನಿಗೆ ಕೊಡಲು ಅತ್ತೆಗೆ ಧೈರ್ಯವಿಲ್ಲ. ಅವರು ನಿಜವಾಗಿ ಕಡಿದುಬಿಟ್ಟರೆ? ಹೀಗಾಗಿ ಅದು ನನ್ನ ಪಾಲಿಗೆ ಬಂತು. ಬೇಡಿಕೊಳ್ಳುವವರು ಪಕ್ಕದ ಮನೆಯ ಸಿದ್ದೇಗೌಡರು. ಹಳ್ಳಿಮೈಸೂರಿನ ಹತ್ತಿರ ಗದ್ದೆ ತೋಟ ಇರುವ ಕುಳ. ಹಲಸು, ಹುಣಸೆ, ನಿಂಬೆ ಎನ್ನದೆ ಎಷ್ಟೋ ಮರಗಳಿಗೆ ಜವಾಬು ನಿಂತು ಬಿಡಿಸಿಕೊಂಡ ಅನುಭವಸ್ಥರು.

ಇದು ಮೂಢನಂಬಿಕೆ ಎಂದು ನಾನು ಹಿಂದಿನ ದಿನವೆಲ್ಲ ವಾದಿಸಿದ್ದೆ. ಆದರೆ ಕೊಡಲಿ ಕೈಗೆ ಬಂದು, ಎದುರಿಗೆ ಒಬ್ಬ ಪ್ರತಿಪಕ್ಷಿ ನಿಂತಾಗ ನನ್ನ ಮೈಯಲ್ಲಿ ಒಂದು ಹಳೆಯ ಹುಮ್ಮಸ್ಸು ಎದ್ದಿತು. ನಿಯಮ ಏನು ಎಂದು ಗೌಡರನ್ನು ಕೇಳಿದೆ. "ನೇಮ ಏನ್ ಬಂತು ಸಾ. ನೀವು ಏನ್ ಬೇಕಾದ್ರೂ ಅನ್ನಿ. ನಾನು ಬಂದು ಕೈ ಇಡ್ಕತೀನಿ. ಒಸಿ ಗುರುಗುಟ್ಟಿ ಬುಟ್ಬುಡಿ, ಅಷ್ಟೇಯ" ಎಂದರು. 'ಏನ್ ಬೇಕಾದ್ರೂ ಅನ್ನಿ' ಎಂಬುದು ನನ್ನ ಕಿವಿಗೆ ಬಿತ್ತು. ಉಳಿದದ್ದು ಬೀಳಲಿಲ್ಲ.

ಮರದ ಮುಂದೆ ನಿಂತು ಶುರುಮಾಡಿದೆ. "ಇಷ್ಟು ವರ್ಷ ಈ ಬಾವಿಯ ನೀರು ಕುಡಿದೆ. ಗೊಬ್ಬರ ತಿಂದೆ. ಬಿಸಿಲನ್ನೆಲ್ಲ ನೀನೇ ಹಿಡಿದುಕೊಂಡು ಪಕ್ಕದ ಕರಿಬೇವು ಸಣಕಲಾಗುವಂತೆ ಮಾಡಿದೆ. ಇದಕ್ಕೆಲ್ಲ ನೀನು ಈ ಮನೆಗೆ ಕೊಟ್ಟ ಪ್ರತಿಫಲವೇನು?" ಮರ ಉತ್ತರ ಕೊಡಲಿಲ್ಲ. ಇದನ್ನು ನಾನು ಅಂಕವಾಗಿ ಎಣಿಸಿಕೊಂಡೆ. ಅಷ್ಟರಲ್ಲಿ ಗೌಡರು ಗೋಡೆ ಬಳಸಿ ಓಡಿ ಬಂದು ನನ್ನ ಕೈ ಹಿಡಿದರು.

"ಬುಡಿ ಸಾ, ಬುಡಿ. ಪಾಪದ ಮರ. ಮುಂದಿನ ವರ್ಸ ಕಾಯಿ ಬುಡ್ತದೆ."

"ಆಧಾರ?"

"ಆಂ?"

"ಬಿಡುತ್ತದೆ ಅನ್ನೋದಕ್ಕೆ ಆಧಾರ ಏನು ಗೌಡ್ರೆ? ಹೋದ ವರ್ಷ ಬಿಟ್ಟಿತ್ತೆ?"

"ಇಲ್ಲ."

"ಅದರ ಹಿಂದಿನ ವರ್ಷ?"

"ಅವಾಗ್ಲೂ ಇಲ್ಲ ಸಾ."

"ಅಂದ್ರೆ ಅನುಭವವೆಲ್ಲ ನನ್ನ ಪಕ್ಷಕ್ಕಿದೆ. ಮುಂದಕ್ಕೆ ಹೋಗೋಣ."

ಗೌಡರು ಅತ್ತೆಯ ಕಡೆ ಒಮ್ಮೆ ನೋಡಿ, "ನೆಳ್ಳು ಕೊಡ್ತದಲ್ಲ ಸಾ" ಎಂದರು. ನೆರಳನ್ನು ಕೊಟ್ಟಿಗೆಯೂ ಕೊಡುತ್ತದೆ, ಜೊತೆಗೆ ಮಳೆಯನ್ನೂ ತಡೆಯುತ್ತದೆ ಎಂದೆ. "ಅಕ್ಕಿಪಕ್ಕಿ ಗೂಡು ಕಟ್ತವೆ" ಎಂದರು. ಬಾಡಿಗೆ ಕೊಡುತ್ತವೆಯೇ ಎಂದೆ. ಹಿತ್ತಿಲ ಮೆಟ್ಟಿಲ ಮೇಲೆ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದ ಮಾವ ಗಟ್ಟಿಯಾಗಿ ನಕ್ಕರು. ಆ ನಗು ನನ್ನನ್ನು ಇನ್ನಷ್ಟು ಹಾಳುಮಾಡಿತು. ಗೌಡರು ನನ್ನ ಕಾಲನ್ನು ಬಲವಾಗಿ ತುಳಿದರು. ಸೋಲುತ್ತಿರುವ ಪ್ರತಿಪಕ್ಷಿ ಕೈಕಾಲಿಗೆ ಇಳಿಯುವುದನ್ನು ನಾನು ಹಾಸನದಲ್ಲೂ ಕಂಡಿದ್ದೆ, ಲೆಕ್ಕಿಸಲಿಲ್ಲ. ಕೊನೆಗೆ ಅವರು ನನ್ನ ಕೈ ಬಿಟ್ಟು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. "ನನ್ ಕೈಲಿ ಆಗಕ್ಕಿಲ್ಲ ಕಣವ್ವ ಬಸಮ್ಮ. ಎಷ್ಟು ಮರಕ್ಕೆ ಜವಾಬು ನಿಂತಿವ್ನಿ ನಾನು. ಇಂತಾ ಗಿರಾಕಿ ಕೈಗೆ ಸಿಕ್ಕಿರ್ಲಿಲ್ಲ" ಎಂದು ಗೋಡೆಯ ಆಚೆ ಹೋಗಿ ನಿಂತರು.

ನಾನು ಗೆದ್ದಿದ್ದೆ. ಚಪ್ಪಾಳೆಗೆಂದು ಸುತ್ತ ನೋಡಿದೆ. ಮಾವ ಬಾಯಿ ಮುಕ್ಕಳಿಸಿ ಉಗುಳಿ ಎದ್ದರು. "ನಾನು ಇಷ್ಟು ವರ್ಷ ಹೇಳ್ತಿದ್ದದ್ದನ್ನೇ ನಿನ್ನ ತವರಿನವನು ಪಾಯಿಂಟು ಹಾಕಿ ಹೇಳ್ದ. ಸಾಕ್ಷಿಗೆ ಗೌಡ್ರೂ ಅವ್ರೆ. ಕೊಡಲಿ ಕೈಲೇ ಐತಲ್ಲ, ಶುರು ಮಾಡಪ್ಪ" ಎಂದರು. ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು. "ನಿನ್ನ ಕಳಿಸಿದ್ದು ಸೋತು ಬಾ ಅಂತ ಕಣೋ" ಎಂದಳು, ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಸೋಲುವುದಕ್ಕಾಗಿ ಒಬ್ಬನನ್ನು ವಾದಕ್ಕೆ ಕಳಿಸುತ್ತಾರೆಂಬುದು ನನಗೆ ಹೊಳೆದದ್ದು ಆಗ. ಚನ್ನರಾಯಪಟ್ಟಣದಲ್ಲಿ ಪಕ್ಷ ಬದಲಿಸಲು ನನಗೆ ಒಂದು ವಾರ ಸಮಯವಿತ್ತು. ಇಲ್ಲಿ ಒಂದು ಉಸಿರು. "ಅಪೀಲಿದೆ" ಎಂದೆ. ಮಾವ ಮೆಟ್ಟಿಲ ಮೇಲೆ ಮತ್ತೆ ಕೂತರು. ಅವರಿಗೂ ಮೋಜು ಹತ್ತಿತ್ತು. ಕಾಲೇಜಿನಲ್ಲಿ ಓದಿ ಮರೆತಿದ್ದೆಲ್ಲ ಆ ಕ್ಷಣ ನನ್ನ ನೆನಪಿಗೆ ಉಕ್ಕಿ ಬಂತು. ಮರದಲ್ಲಿ ಎರಡು ನಾಲೆಗಳಿವೆ ಮಾವ, ಎಂದೆ. ಒಂದು ಒಳಗಿನ ಗಟ್ಟಿ ಮರದಲ್ಲಿ, ಅದರ ಹೆಸರು ಝೈಲಂ. ಬೇರು ಹೀರಿದ ನೀರು, ಉಪ್ಪು ಎಲ್ಲ ಅದರಲ್ಲಿ ಮೇಲಕ್ಕೆ ಏರುತ್ತವೆ. ಇನ್ನೊಂದು ತೊಗಟೆಯ ಒಳಮೈಯಲ್ಲಿ, ಅದು ಫ್ಲೋಯಂ. ಎಲೆ ಬಿಸಿಲಲ್ಲಿ ಬೇಯಿಸಿದ ಸಕ್ಕರೆಯ ಅಡುಗೆ ಅದರಲ್ಲಿ ಬೇರಿಗೂ ಉಳಿದೆಲ್ಲ ಕಡೆಗೂ ಹರಿಯುತ್ತದೆ. ಈ ಮರ ಸೋಮಾರಿಯಲ್ಲ. ದುಡಿದದ್ದನ್ನೆಲ್ಲ ಬೇರಿಗೆ, ಚಿಗುರಿಗೆ ಸುರಿದು ಕೂತಿದೆ. ಒಂದು ಕೊಂಬೆಯ ಸುತ್ತ ಬಳೆಯ ಹಾಗೆ ತೊಗಟೆ ತೆಗೆದರೆ ಅಡುಗೆ ಕೆಳಗಿಳಿಯುವ ದಾರಿ ಕಟ್ಟಾಗಿ, ಮೇಲೆಯೇ ನಿಂತು, ಹೂವಾಗುತ್ತದೆ.

"ನೀರು ಮೇಲಕ್ಕೆ ಹರಿಯೋ ನಾಲೆ ನಾನು ಕಂಡಿಲ್ಲ. ಸೇದೋರು ಯಾರು?" ಎಂದು ಮಾವ ಕೇಳಿದರು.

"ಎಲೆಗಳು. ಬಿಸಿಲಿಗೆ ಎಲೆಯಿಂದ ನೀರು ಆವಿಯಾಗಿ ಹೋಗ್ತದೆ. ಹೋದ ನೀರು ಹಿಂದಿನ ನೀರನ್ನ ಎಳೀತದೆ, ಅದು ಅದರ ಹಿಂದಿನದನ್ನ. ಬೇರಿನ ತನಕ ಒಂದೇ ಹಗ್ಗ ಇದ್ದಂಗೆ."

"ಎಲೆಗೂ ನೀರು ಸೇದೋಕೆ ಬರ್ತದೆ. ನೀನು ಬಂದು ತಿಂಗಳಾಯ್ತು, ಬಾವಿ ಹಗ್ಗ ಮುಟ್ಟಿದ್ದು ನಾನು ನೋಡ್ಲಿಲ್ಲ."

ಗೌಡರು ಗೋಡೆಯಾಚೆಯಿಂದ ತಲೆ ಹಾಕಿದರು. "ಸಾ, ನಾವು ಬೇಡದ ಮರ ಸಾಯಿಸ್ಬೇಕಾದ್ರೆ ಅಂಗೇಯ ಸುತ್ತ ತೊಗಟೆ ಕೆತ್ತೋದು." ಇದನ್ನು ಕೇಳಿ ಮಾವನ ಕಣ್ಣು ಬೆಳಗಿತು. "ಹಂಗಾದ್ರೆ ಕೊಂಬೆಗ್ಯಾಕೆ, ಬುಡಕ್ಕೇ ಮಾಡು. ಮರವೆಲ್ಲ ಹೂ ಬಿಡಲಿ" ಎಂದರು. ಅದು ನನಗೆ ತೋಡಿದ ಗುಂಡಿಯೆಂದು ತಿಳಿಯಿತು. ಬುಡಕ್ಕೆ ಮಾಡಿದರೆ ಬೇರಿಗೆ ಅನ್ನ ನಿಂತು, ಬೇರು ಸತ್ತು, ಆಮೇಲೆ ನೀರೂ ನಿಂತು ಇಡೀ ಮರ ಸಾಯುತ್ತದೆ. ಒಂದು ಕೊಂಬೆಗೆ ಮಾಡಿದರೆ ಉಳಿದ ಕೊಂಬೆಗಳು ಬೇರನ್ನು ಸಾಕುತ್ತವೆ ಎಂದು ಬಿಡಿಸಿ ಹೇಳಿದೆ. ಬಾವಿಯ ಕಡೆ ಬಾಗಿದ್ದ, ಕೈಮಣಿಕಟ್ಟಿನಷ್ಟು ದಪ್ಪದ ಕೊಂಬೆಗೆ ಮಾಡುವುದೆಂದೂ, ಸಂಕ್ರಾಂತಿಯೊಳಗೆ ಅದು ಹೂ ಬಿಟ್ಟರೆ ಮರ ಉಳಿಯುವುದೆಂದೂ, ಬಿಡದಿದ್ದರೆ ಕೊಟ್ಟಿಗೆ ಏಳುವುದೆಂದೂ ತೀರ್ಮಾನವಾಯಿತು. ಚಾಕುವಿನಲ್ಲಿ ಎರಡು ಬೆರಳಗಲ ತೊಗಟೆಯನ್ನು ಸುತ್ತಲೂ ಬಿಡಿಸಿ ತೆಗೆದೆ. ಒಳಗಿನ ಹಸಿ ಮರ ಬಿಳಿಯಾಗಿ, ತೇವವಾಗಿ ಕಂಡಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅವಳ ಚಿಂತೆ ಒಂದೇ: ತೊಗಟೆ ತೆಗೆದ ಮೇಲೆ ಕೊಂಬೆಗೆ ನೀರು ಏರುವುದು ಹೇಗೆ. "ಅದಕ್ಕೆ ಬಾಯಾರ್ತದೆ ಕಣೋ" ಎಂದು ಮಾರನೆಯ ದಿನ ಊಟಕ್ಕೆ ಕೂತಾಗಲೂ ಅಂದಳು. ನಾನು ಪ್ರಮಾಣ ಕೊಡುವವನು, ಸಮಾಧಾನ ಹೇಳುವವನಲ್ಲ. ಮಾವನ ಕೆಂಪು ಶಾಯಿಯನ್ನು ಲೋಟದ ನೀರಿಗೆ ಸುರಿದು, ಅತ್ತೆ ಪೂಜೆಗೆಂದು ತೆಗೆದಿಟ್ಟಿದ್ದ ಸುಗಂಧರಾಜದ ಒಂದು ಕಡ್ಡಿಯನ್ನು ತುದಿ ಕತ್ತರಿಸಿ ಅದರಲ್ಲಿ ನಿಲ್ಲಿಸಿದೆ. ಬೆಳಗ್ಗೆ ನೋಡಿದರೆ ಬಿಳಿಯ ಎಸಳುಗಳ ತುಂಬ ಕೂದಲಿನಷ್ಟು ತೆಳುವಾದ ಕೆಂಪು ಗೆರೆಗಳು. "ನೋಡು, ಇದೇ ಝೈಲಂ. ನೀರು ಒಳಗಿನ ದಾರಿಯಲ್ಲಿ ಏರ್ತದೆ" ಎಂದೆ. ಅತ್ತೆ ಹೂವನ್ನು ತಿರುಗಿಸಿ ತಿರುಗಿಸಿ ನೋಡಿದಳು. ನನ್ನ ಪ್ರಮಾಣದಿಂದ ಅವಳು ತೆಗೆದ ಸಿದ್ಧಾಂತ ಬೇರೆಯೇ ಆಗಿತ್ತು. "ಶಾಯಿ ಅಂತಲೂ ನೋಡದೆ ಕುಡಿದುಬಿಡ್ತಲ್ಲೋ. ಪಾಪ, ಎಷ್ಟು ದಾಹವೋ ಅದಕ್ಕೆ."

ಅವತ್ತೇ ಮಧ್ಯಾಹ್ನ ಅವಳು ಬಾವಿಯ ಕಟ್ಟೆ ಹತ್ತಿ ಕೊಂಬೆಯ ಗಾಯಕ್ಕೆ ಕೆಮ್ಮಣ್ಣು, ಹಳೆಯ ಸಗಣಿ ಗೊಬ್ಬರ ಕಲಸಿ ಮೆತ್ತಿ, ಮಾವನ ರಾಶಿಯಿಂದ ತೆಂಗಿನ ನಾರು ತಂದು ಸುತ್ತಿ, ಹಳೆಯ ಸೀರೆಯ ಚೂರಿನಲ್ಲಿ ಪಟ್ಟಿ ಕಟ್ಟಿದಳು. ದಿನವೂ ಪೂಜೆ ಮುಗಿದ ಮೇಲೆ ಚೊಂಬಿನಲ್ಲಿ ಆ ಪಟ್ಟಿಗೆ ನೀರು ಹನಿಸುವಳು. ಬುಡದಿಂದ ಅಷ್ಟೆತ್ತರ ಎಳೆಯುವ ಬದಲು ಇಲ್ಲೇ ಒಂದಿಷ್ಟು ಕುಡಿಯಲಿ ಎಂಬುದು ಅವಳ ನ್ಯಾಯ. ಮರ ಗಾಯದಿಂದ ನೀರು ಕುಡಿಯುವುದಿಲ್ಲ ಎಂದು ನಾನು ವಾದಿಸಿದೆ. "ಕುಡೀದಿದ್ರೆ ಬೇಡ, ತಂಪಾಗಿರ್ತದೆ" ಎಂದಳು. ತಿಂಗಳುಗಳು ಕಳೆದವು. ಕೊಂಬೆಯ ಎಲೆ ಬಾಡಲಿಲ್ಲ. ಬೀದಿಯವರು ಬಂದು ನೋಡಿ, ತೊಗಟೆಯಿಲ್ಲದೆ ನೀರು ಏರುವುದು ನಿಜವೆಂದು ಒಪ್ಪಿ ಹೋದರು. ಹೊಳೆನರಸೀಪುರದಲ್ಲಿ ಝೈಲಂಗೆ ಅಷ್ಟು ಮರ್ಯಾದೆ ಹಿಂದೆ ಎಂದೂ ಸಿಕ್ಕಿರಲಾರದು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮಾರ್ಗಶಿರ ಕಳೆದು ಊರಿನ ಮಾವುಗಳೆಲ್ಲ ಹೂ ತಳೆದವು. ಗೌಡರ ಗದ್ದೆಯ ಬದುವಿನ ಕಾಡು ಮಾವೂ ತಳೆಯಿತು. ನಮ್ಮ ಕೊಂಬೆ ಮಾತ್ರ ಎಲೆಗಳನ್ನು ಹೊಳೆಯಿಸಿಕೊಂಡು ಸುಮ್ಮನೆ ನಿಂತಿತ್ತು. ನನಗೆ ತಲೆ ಕೆಟ್ಟುಹೋಯಿತು. ಎಲೆ ಅಡುಗೆ ಮಾಡುತ್ತಿದೆ. ಕೆಳಗಿನ ದಾರಿ ಕಟ್ಟಾಗಿದೆ. ಹೂವೂ ಆಗಿಲ್ಲ. ಹಾಗಾದರೆ ಬೇಯಿಸಿದ ಅಡುಗೆಯೆಲ್ಲ ಹೋಯಿತೆಲ್ಲಿಗೆ? ಪುಸ್ತಕ ತಿರುವಿದೆ. ಮರಕ್ಕೂ ಏಣಿ ಹಾಕಿ ನೋಡಿದೆ. ಅತ್ತೆಯ ಪಟ್ಟಿಯನ್ನು ಬಿಚ್ಚಿ ನೋಡಬೇಕೆಂದು ಮಾತ್ರ ತೋಚಲಿಲ್ಲ. ಅದು ಶಾಸ್ತ್ರಕ್ಕೆ ಸಂಬಂಧಪಡದ ಹೆಂಗರುಳು ಎಂದುಕೊಂಡಿದ್ದೆ. ಸಂಕ್ರಾಂತಿಯ ಎಳ್ಳು ಬೀರುವಾಗ ಅತ್ತೆ ನನ್ನ ಕೈಗೆ ಕಬ್ಬಿನ ತುಂಡು ಕೊಟ್ಟು, "ನಿನ್ನ ಅಪೀಲೂ ಹೋಯ್ತಲ್ಲೋ" ಎಂದಳು. ಅವಳು ಬೈದಿದ್ದರೆ ನಾನು ಎದುರು ವಾದಿಸಬಹುದಾಗಿತ್ತು.

ಮಾವ ಮಾತಿಗೆ ತಪ್ಪುವವರಲ್ಲ, ತಪ್ಪಿಸಿಕೊಳ್ಳಲು ಬಿಡುವವರೂ ಅಲ್ಲ. ಮರ ಉರುಳಿಸುವ ಮೊದಲು ಕೊಂಬೆಗಳನ್ನು ಇಳಿಸಬೇಕಲ್ಲ, ಗೌಡರು ತಮ್ಮ ಕೊಡಲಿ ಹಿಡಿದು ಬಂದರು. ಬಾವಿಗೆ ಕಸ ಬೀಳದಿರಲೆಂದು ಬಾವಿಯ ಕಡೆಯ ಕೊಂಬೆಯನ್ನೇ ಮೊದಲು, ಪಟ್ಟಿಯ ಕೆಳಗೆ ಕಡಿದು ಹಗ್ಗದಲ್ಲಿ ಇಳಿಬಿಟ್ಟರು. ಅದು ಕಟ್ಟೆಗೆ ತಾಗಿ ಸೀರೆಯ ಚೂರು ಹರಿಯಿತು. ನಾರಿನ ಒಳಗಿಂದ ಬಿಳಿಯ ಬೇರುಗಳ ಒಂದು ಗೊಂಚಲೇ ಹೊರಗೆ ಜಾರಿತು.

ಗೌಡರು ಏಣಿಯ ಮೇಲೇ ಕೂತುಬಿಟ್ಟರು. "ಇದೇನ್ಲಾ ಇದು, ಕಾಲು ಬಂದ್ಬುಟ್ಟವೆ ಕಣ್ಲಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ನೀವು ಆಡಿದ್ ಮಾತಿಗೆ ಯಾವ್ ಮರ ತಾನೇ ನಿಂತಾತು ಸಾ. ಎದ್ದು ಓಗಾಕೆ ರೆಡಿ ಆಗ್ಬುಟ್ಟದೆ" ಎಂದರು. ಕಥೆ ಹುಟ್ಟಿದ್ದು ಆ ಏಣಿಯ ಮೇಲೆ. ಮುಂದಿನ ಸಂತೆಗೆ ಅದು ಊರು ದಾಟಿತು.

ನನಗೂ ಆ ಬೇರುಗಳನ್ನು ನೋಡಿದಾಗಲೇ ಅಡುಗೆ ಹೋದ ದಾರಿ ತಿಳಿದದ್ದು. ಕೆಳಗಿಳಿಯಲಾಗದ ಸಕ್ಕರೆ ಗಾಯದ ಮೇಲಂಚಿನಲ್ಲಿ ಬಂದು ನಿಂತಿದೆ. ಅಲ್ಲಿ ತೇವ, ಮಣ್ಣು, ಕತ್ತಲೆ ಎಲ್ಲ ಸಿಕ್ಕಿ, ನೆಲ ಇಲ್ಲೇ ಇದೆಯೆಂದುಕೊಂಡು ಹೂವಾಗುವ ಬದಲು ಬೇರಾಗಿದೆ. ಇದಕ್ಕೆ ಗೂಟಿ ಕಟ್ಟುವುದು ಎಂದು ಹೆಸರು. ತೋಟಗಾರಿಕೆಯಲ್ಲಿ ಬಳಕೆಯಲ್ಲಿರುವ ವಿದ್ಯೆ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆಯೂ ಬಂದಿತ್ತು. 'ಅಥವಾ' ಎಂದು ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇದ್ದುದರಿಂದ ನಾನು ಆ ಇನ್ನೊಂದಕ್ಕೆ ಉತ್ತರ ಬರೆದಿದ್ದೆ. ಇದನ್ನೆಲ್ಲ ನಾನು ಹಿತ್ತಿಲಲ್ಲಿ ನಿಂತು ವಿವರಿಸಿದೆ. ಯಾರೂ ಕೇಳುತ್ತಿರಲಿಲ್ಲ. ಅತ್ತೆ ಆಗಲೇ ಆ ಕೊಂಬೆಯ ಎಲೆಗಳನ್ನು ಅರ್ಧ ಕಿತ್ತು, ಬೇರಿನ ಗೊಂಚಲನ್ನು ಮಗುವಿನ ತಲೆಗೆ ಕೈ ಕೊಟ್ಟ ಹಾಗೆ ಹಿಡಿದು, ಬಚ್ಚಲ ನೀರು ಹರಿಯುವಲ್ಲಿ ಗುಂಡಿ ತೋಡುತ್ತಿದ್ದಳು.

ದೊಡ್ಡ ಮರ ಹೋಯಿತು. ಕೊಟ್ಟಿಗೆ ಎದ್ದಿತು. ನನಗೆ ಚನ್ನರಾಯಪಟ್ಟಣದಲ್ಲಿ ಹಂಗಾಮಿ ಮೇಷ್ಟರ ಕೆಲಸ ಸಿಕ್ಕಿತು. ಅತ್ತೆಯ ಕೊಂಬೆ ಬಚ್ಚಲ ನೀರು ಕುಡಿದು ಗಿಡವಾಯಿತು. ಆಮೇಲೆ ಒಂದು ವರ್ಷ, ಹೆಂಚಿನ ಅಂಚನ್ನೂ ಮುಟ್ಟದ ಅದು ಹೂ ಬಿಟ್ಟು ನಾಲ್ಕಾರು ಕಾಯಿ ಕಚ್ಚಿತು. ಹುಳಿ ಎಂದರೆ ಮಹಾ ಹುಳಿ. "ಅರಕಲಗೂಡಿನದೇ, ಸಂಶಯವಿಲ್ಲ" ಎಂದು ಮಾವ ಒಂದು ಕಣ್ಣು ಮುಚ್ಚಿಕೊಂಡು ಚಪ್ಪರಿಸಿದರು. ಅತ್ತೆ ಉಪ್ಪಿನಕಾಯಿ ಹಾಕಿ ನಮ್ಮಪ್ಪನಿಗೆ ಕಳಿಸಿದಳು.

ಕಳೆದ ಭಾನುವಾರ ನಾನು ಹೋದಾಗ ಮತ್ತೆ ಹಗ್ಗ ಹೊರಗೆ ಬಂದಿತ್ತು. ವ್ಯಾಪಾರ ಕುದುರಿದೆ, ಕೊಟ್ಟಿಗೆಯ ಬಾಗಿಲಿಗೆ ಗಾಡಿ ಬರಬೇಕು, ಗಾಡಿ ತಿರುಗಲು ಗಿಡ ಅಡ್ಡ. ಮಾವ ಈ ಸಲ ಕೊಡಲಿ ತರಲಿಲ್ಲ, ವಾದ ತಂದಿದ್ದರು. "ಬಾರಪ್ಪ, ನೀನೇ ತೀರ್ಪು ಹೇಳು" ಎಂದು ನನ್ನನ್ನು ಜಗಲಿಯ ಮೇಲೆ ಕೂರಿಸಿದರು. "ಇದು ಹಳೇ ಮರವೇನೋ, ಬೇರೆ ಮರವೇನೋ? ಹಳೇ ಮರವೇ ಅನ್ನೋದಾದ್ರೆ ಅದನ್ನ ಕಡೀಬೇಕು ಅಂತ ಆಗ್ಲೇ ತೀರ್ಮಾನ ಆಗೈತೆ. ನೀನೇ ಗೆದ್ದಿದ್ದು. ಬೇರೆ ಮರ ಅನ್ನೋದಾದ್ರೆ ಅದು ನಮ್ಮ ಹಿತ್ತಿಲಲ್ಲಿ, ನಮ್ಮ ನಾರಲ್ಲಿ ಹುಟ್ಟಿದ್ದು. ತವರಿನ ಮರ ಅಂತ ನಿಮ್ಮತ್ತೆ ಕಣ್ಣೀರು ಹಾಕೋ ಹಂಗಿಲ್ಲ. ಎರಡರಲ್ಲಿ ಒಂದು ಹೇಳು."

ನಾನು ಮನಸ್ಸಿನಲ್ಲೇ ಕೈ ಮುಗಿದೆ. ಯಾವ ಕಡೆ ಹಾರಿದರೂ ಕೊಂಬು ಚುಚ್ಚುವ ವಾದ. ಹಾಸನದಲ್ಲಿ ಇಂಥದೊಂದು ಸಿಕ್ಕಿದ್ದರೆ ನಾನು ಇಷ್ಟು ಹೊತ್ತಿಗೆ ವಕೀಲನಾಗಿರುತ್ತಿದ್ದೆ. ಅದೇ ಝೈಲಂ, ಅದೇ ಫ್ಲೋಯಂ, ಆದ್ದರಿಂದ ಅದೇ ಮರ ಎನ್ನಲೆ? ಬೇರು ಬೇರೆ, ನೆಲ ಬೇರೆ, ಆದ್ದರಿಂದ ಬೇರೆ ಮರ ಎನ್ನಲೆ? ಎರಡೂ ಪಕ್ಷಕ್ಕೆ ಅಂಶಗಳು ತಾವಾಗಿ ಸಾಲುಗಟ್ಟಿದವು. ಗಂಟಲು ಸರಿಮಾಡಿಕೊಂಡೆ. ಅತ್ತೆ ಬಾಗಿಲ ಬಳಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, ನಮ್ಮಿಬ್ಬರಲ್ಲಿ ಮಾವನನ್ನೇ ಒಂದು ಮಾತು ಕೇಳಿದಳು. ಮಾವ ಹಗ್ಗವನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ ಅಂಶವೇನಾದರೂ ಸಿಕ್ಕೀತೇನೋ ಎಂದು ನನ್ನ ಮುಖ ನೋಡಿದರು. ನಾನು ಎರಡೂ ಪಕ್ಷವನ್ನು ಬಿಟ್ಟು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಇವತ್ತಿನವರೆಗೆ ಗಿಡ ನಿಂತಲ್ಲೇ ಇದ್ದು, ಗಾಡಿಗಳು ಬೀದಿಯಲ್ಲೇ ತಿರುಗುತ್ತಿವೆಯಂತೆ. ಅತ್ತೆ ಕೇಳಿದ್ದು ಇಷ್ಟೇ:

"ನಮ್ಮಪ್ಪನ ಮನೆಯಿಂದ ಕಡಿದು ತಂದು ಇಲ್ಲಿ ನೆಟ್ರಲ್ಲ ನನ್ನ, ಅರಕಲಗೂಡಿನ ಆ ಬಸಮ್ಮನೇನಾ ಇವಳು, ಬೇರೆಯವಳಾ? ಅದನ್ನ ಮೊದಲು ಹೇಳಿ ನೋಡೋಣ?"